ಎಫ್‌ಸಿ 26: ಕೊಳ್ಳಬೇಕೆ, ಹಳೆಯದರಲ್ಲೇ ಇರಬೇಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಫುಟ್‌ಬಾಲ್ ವಿಡಿಯೊ ಗೇಮ್ ಇಎ ಸ್ಪೋರ್ಟ್ಸ್ ಎಫ್‌ಸಿ 26 ಮಾರುಕಟ್ಟೆಗೆ ಬಂದದ್ದು 2025ರ ಸೆಪ್ಟೆಂಬರ್ 26ರಂದು. ಆಮೇಲೆ ಬಂದ ಪತ್ರಗಳಲ್ಲಿ ಜಗಳವೇ ಹೆಚ್ಚು. ಆ ಜಗಳವನ್ನೂ, ಅದರ ಜೊತೆ ಬಂದ ತಾಂತ್ರಿಕ ತೊಂದರೆಗಳನ್ನೂ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಗೆಳೆಯನ ಪ್ರಕಾರ 26ರಲ್ಲಿ ಆಟ ನಿಧಾನವಾಗಿದೆ, ಮಿಡ್‌ಫೀಲ್ಡ್‌ನಿಂದ ಕಟ್ಟಿಕೊಂಡು ಹೋಗಬಹುದು, ನಿಜವಾದ ಫುಟ್‌ಬಾಲ್‌ನ ಹಾಗಿದೆ. ನನಗೆ ಕಾಣುವುದು ಬರೀ ಓಟ, ಚಕಚಕ ಪಾಸು. ಇಬ್ಬರದ್ದೂ ಪಿಎಸ್5 (ಪ್ಲೇಸ್ಟೇಷನ್ 5). ಯಾರ ಮಾತು ಸರಿ? – ಓದುಗರು, ಹುಬ್ಬಳ್ಳಿ

ಉತ್ತರ: ಇಬ್ಬರದ್ದೂ ಸರಿ. ನೀವಿಬ್ಬರೂ ಆಡುತ್ತಿರುವುದು ಬೇರೆ ಬೇರೆ ಆಟ. 26ರಲ್ಲಿ ಒಂದೇ ಡಿಸ್ಕ್‌ನೊಳಗೆ ಎರಡು ಬಗೆಯ ಗೇಮ್‌ಪ್ಲೇ ಇಟ್ಟಿದ್ದಾರೆ: ‘ಕಾಂಪಿಟಿಟಿವ್’ ಮತ್ತು ‘ಅಥೆಂಟಿಕ್’. ಅಲ್ಟಿಮೇಟ್ ಟೀಮ್ (ಆಟಗಾರರ ಕಾರ್ಡ್ ಕೂಡಿಸಿ ತಂಡ ಕಟ್ಟುವುದು), ಕ್ಲಬ್ಸ್ ಮುಂತಾದ ಆನ್‌ಲೈನ್ ಆಟಕ್ಕೆ ಕಾಂಪಿಟಿಟಿವ್. ಅಲ್ಲಿ ಪಾಸಿನ ವೇಗ ಹೆಚ್ಚು, ಬಟನ್ ಒತ್ತಿದ ತಕ್ಷಣ ಆಟಗಾರ ತಿರುಗುತ್ತಾನೆ, ಡಿಫೆಂಡರ್‌ಗಳು ತಾವಾಗಿಯೇ ಕಾಲು ಹಾಕಿ ಚೆಂಡು ಕಸಿಯುವುದು ಕಡಿಮೆ. ಒಂದು ಕ್ಲಬ್ ಹಿಡಿದು ಋತುವಿನಿಂದ ಋತುವಿಗೆ ಆಡುವ ಕರಿಯರ್ ಮೋಡ್‌ನಂಥ ಆಫ್‌ಲೈನ್ ಆಟಕ್ಕೆ ಅಥೆಂಟಿಕ್. ಇಲ್ಲಿ ವೇಗ ತಗ್ಗುತ್ತದೆ, ಎದುರಾಳಿ ಡಿಫೆನ್ಸ್ ಒಟ್ಟಾಗಿ ನಿಲ್ಲುತ್ತದೆ, ದಾರಿ ಹುಡುಕಿಕೊಂಡೇ ಹೋಗಬೇಕು. ನಿಮ್ಮ ಗೆಳೆಯ ಕರಿಯರ್ ಆಡುತ್ತಿರಬೇಕು, ನೀವು ಅಲ್ಟಿಮೇಟ್ ಟೀಮ್.

ಪರೀಕ್ಷಿಸಿ ನೋಡುವುದು ಸುಲಭ. ಕಿಕ್‌ಆಫ್‌ನಲ್ಲಿ (ಬಿಡಿ ಪಂದ್ಯದ ವಿಭಾಗ) ಅವೇ ಎರಡು ತಂಡ, ವರ್ಲ್ಡ್ ಕ್ಲಾಸ್ ಎಂಬ ಅದೇ ಕಷ್ಟದ ಮಟ್ಟ, ಅರ್ಧಕ್ಕೆ 8 ನಿಮಿಷ ಇಟ್ಟು, ಸೆಟಿಂಗ್ಸ್‌ನಲ್ಲಿ ಗೇಮ್‌ಪ್ಲೇ ಬದಲಿಸಿ ಒಂದೊಂದು ಪಂದ್ಯ ಆಡಿ. ಕೊನೆಯಲ್ಲಿ ಬರುವ ಅಂಕಿಅಂಶಗಳಲ್ಲಿ ಪಾಸು ಮತ್ತು ಇಂಟರ್‌ಸೆಪ್ಷನ್ (ಪಾಸನ್ನು ನಡುವೆಯೇ ಹಿಡಿದದ್ದು) ಸಂಖ್ಯೆ ಹೋಲಿಸಿ.

ಕೊಳ್ಳುವ ಮಾತಿಗೆ ಬಂದರೆ ನಮ್ಮ ನಿಲುವು ಹೀಗೆ. ಮುಖ್ಯವಾಗಿ ಕರಿಯರ್ ಆಡುವವರಿಗೆ ಹಿಂದಿನ ಆವೃತ್ತಿ ಎಫ್‌ಸಿ 25ಕ್ಕಿಂತ 26 ಖಂಡಿತ ಒಳ್ಳೆಯದು. ವರ್ಷಗಟ್ಟಲೆ ಆನ್‌ಲೈನ್ ಆಟಕ್ಕೆ ಮಾಡಿದ ತಿದ್ದುಪಡಿಯೇ ಕರಿಯರ್‌ಗೂ ಬಂದು ಬೀಳುತ್ತಿತ್ತು. ಆ ಗಂಟು ಈಗ ಬಿಚ್ಚಿದೆ. ಅಲ್ಟಿಮೇಟ್ ಟೀಮ್ ಮಾತ್ರ ಆಡುವವರಿಗೆ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಗೊಂದಲವಿದ್ದರೆ ಇಎ ಪ್ಲೇ ಚಂದಾದಾರಿಕೆಯಲ್ಲಿ ಸಿಗುವ 10 ಗಂಟೆಯ ಟ್ರಯಲ್ ಆಡಿ ತೀರ್ಮಾನಿಸಿ. ಅವಸರವಿಲ್ಲದಿದ್ದರೆ ನವೆಂಬರ್ ಕೊನೆಯ ಸೇಲ್‌ವರೆಗೆ ಕಾಯಿರಿ. ಈ ಸರಣಿಯ ಬೆಲೆ ಆಗ ಇಳಿಯುವುದು ವಾಡಿಕೆ.

ಪ್ರಶ್ನೆ: ಕರಿಯರ್‌ನಲ್ಲಿ ವರ್ಲ್ಡ್ ಕ್ಲಾಸ್ ಇಟ್ಟರೆ 5–0 ಗೆಲ್ಲುತ್ತೇನೆ. ಅದರ ಮೇಲಿನ ಮಟ್ಟ ಲೆಜೆಂಡರಿ ಇಟ್ಟರೆ ಕೊನೆಯ ಸ್ಥಾನದ ತಂಡವೂ ಬಾರ್ಸಿಲೋನಾ ಥರ ಪಾಸ್ ಮಾಡುತ್ತದೆ. ನಡುವೆ ಏನೂ ಇಲ್ಲವೇ? – ಓದುಗರು, ದಾವಣಗೆರೆ

ಉತ್ತರ: ಇದೆ, ಸ್ಲೈಡರ್‌ಗಳು: ಆಟದ ಒಂದೊಂದು ಅಂಶವನ್ನೂ ಏರಿಸಿ ಇಳಿಸುವ ಪಟ್ಟಿಗಳು. ಲೆಜೆಂಡರಿಯಲ್ಲೇ ಉಳಿಯಿರಿ. ಗೇಮ್ ಸೆಟಿಂಗ್ಸ್‌ನಲ್ಲಿ ‘ಯೂಸರ್’ (ನೀವು) ಮತ್ತು ‘ಸಿಪಿಯು’ (ಕಂಪ್ಯೂಟರ್ ಆಡಿಸುವ ಎದುರಾಳಿ) ಎಂದು ಎರಡು ಸ್ಲೈಡರ್ ಪಟ್ಟಿ ಇವೆ. ಎಲ್ಲವೂ 0ಯಿಂದ 100ರವರೆಗೆ, ಮೊದಲಿಗೆ 50ರಲ್ಲಿ ನಿಂತಿರುತ್ತವೆ. ಸಿಪಿಯು ಪಟ್ಟಿಯಲ್ಲಿ ‘ಪಾಸ್ ಎರರ್’ ಅನ್ನು 55ಕ್ಕೆ, ‘ಫಸ್ಟ್ ಟಚ್ ಕಂಟ್ರೋಲ್ ಎರರ್’ ಅನ್ನೂ 55ಕ್ಕೆ ಏರಿಸಿ. ಎದುರಾಳಿಯ ಬುದ್ಧಿ ಲೆಜೆಂಡರಿಯದ್ದೇ ಇರುತ್ತದೆ, ಕಾಲು ಮಾತ್ರ ಮನುಷ್ಯರದ್ದಾಗುತ್ತದೆ. ಆಟ ಇನ್ನೂ ಓಟವಾಗಿಯೇ ಕಂಡರೆ ‘ಸ್ಪ್ರಿಂಟ್ ಸ್ಪೀಡ್’ ಅನ್ನು ಎರಡೂ ಪಟ್ಟಿಗಳಲ್ಲಿ 48ಕ್ಕೆ ಇಳಿಸಿ. ಒಂದೇ ಕಡೆ ಇಳಿಸಿದರೆ ಲೆಕ್ಕ ತಪ್ಪುತ್ತದೆ.

ಒಂದು ಸಲಕ್ಕೆ ಒಂದೇ ಸ್ಲೈಡರ್ ಮುಟ್ಟಿ, ಕೆಲವು ಪಂದ್ಯ ಆಡಿದ ಮೇಲೆ ಮುಂದಿನದಕ್ಕೆ ಹೋಗಿ. ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ: ಯಾರೋ ಕೊಟ್ಟ ಇಪ್ಪತ್ತು ಅಂಕಿಗಳನ್ನು ಒಟ್ಟಿಗೆ ತುಂಬುತ್ತಾರೆ, ಯಾವುದರಿಂದ ಏನಾಯಿತೆಂದು ಆಮೇಲೆ ತಿಳಿಯುವುದಿಲ್ಲ. ಅರ್ಧಕ್ಕೆ 8ರಿಂದ 10 ನಿಮಿಷ ಇಟ್ಟರೆ ಸ್ಕೋರು ನಂಬುವ ಹಾಗಿರುತ್ತದೆ. 4 ನಿಮಿಷದ ಅರ್ಧದಲ್ಲಿ ಕಟ್ಟಿ ಆಡಲು ಸಮಯವೇ ಇಲ್ಲ, ಆದ್ದರಿಂದಲೇ ಎಲ್ಲರೂ ಓಡುತ್ತಾರೆ. ನಿಮ್ಮ ಗೆಲುವು ಇನ್ನೂ ಸುಲಭವೆನಿಸಿದರೆ ಪಾಸ್ ಅಸಿಸ್ಟೆನ್ಸ್ ಅನ್ನು ‘ಸೆಮಿ’ಗೆ ಹಾಕಿಕೊಳ್ಳಿ. ಪಾಸಿಗೆ ಆಟದಿಂದ ಸಿಗುವ ಸಹಾಯ ಕಡಿಮೆಯಾಗುತ್ತದೆ.

ಪ್ರಶ್ನೆ: 25ರಲ್ಲಿ ಚೆನ್ನಾಗಿಯೇ ಡಿಫೆಂಡ್ ಮಾಡುತ್ತಿದ್ದೆ. ಈಗ ಎದುರಾಳಿ ಡಿಫೆಂಡರ್‌ಗಳ ನಡುವಿನಿಂದ ಒಂದು ಥ್ರೂ ಬಾಲ್ ಹಾಕಿದರೆ ಮುಗಿಯಿತು, ಸ್ಟ್ರೈಕರ್ ಒಬ್ಬನೇ ಗೋಲಿಯ ಮುಂದೆ. ಆಟವೇ ಕೆಟ್ಟಿದೆ ಅನ್ನಿಸುತ್ತದೆ. – ಓದುಗರು, ಮಂಗಳೂರು

ಉತ್ತರ: ಆಟ ಕೆಟ್ಟಿಲ್ಲ, ಕೆಲಸ ನಿಮ್ಮ ಕೈಗೆ ಬಂದಿದೆ. ಮೊದಲು ಕಂಪ್ಯೂಟರ್ ಡಿಫೆಂಡರ್‌ಗಳು ತಾವೇ ಹೋಗಿ ಚೆಂಡು ತಡೆಯುತ್ತಿದ್ದರು. ಕಾಂಪಿಟಿಟಿವ್‌ನಲ್ಲಿ ಅದನ್ನು ಬೇಕೆಂದೇ ತಗ್ಗಿಸಿದ್ದಾರೆ. ಇದು ಒಳ್ಳೆಯ ಬದಲಾವಣೆ ಎಂದೇ ನಮ್ಮ ಅಭಿಪ್ರಾಯ: ಗೆದ್ದರೆ ಆಡಿದವರು ಗೆದ್ದ ಹಾಗೆ.

ತಪ್ಪು ಸಾಮಾನ್ಯವಾಗಿ ಎಲ್ಲಾಗುತ್ತದೆಂದರೆ, ಚೆಂಡು ಮಿಡ್‌ಫೀಲ್ಡ್‌ಗೆ ಬಂದ ಕೂಡಲೇ ಸೆಂಟರ್ ಬ್ಯಾಕ್ ಅನ್ನು ಹಿಡಿದುಕೊಂಡು ಮುಂದೆ ನುಗ್ಗುತ್ತೇವೆ. ಅವನು ಬಿಟ್ಟ ಜಾಗದಲ್ಲೇ ಥ್ರೂ ಬಾಲ್ ಬೀಳುತ್ತದೆ. ಸೆಂಟರ್ ಬ್ಯಾಕ್ ಇಬ್ಬರನ್ನೂ ಲೈನ್‌ನಲ್ಲೇ ಬಿಡಿ. ಬಲಗೈ ಸ್ಟಿಕ್‌ನಿಂದ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಬದಲಿಸಿ, ಅವನಿಂದ ಅಡ್ಡ ನಿಲ್ಲಿ. ಪ್ಲೇಸ್ಟೇಷನ್‌ನಲ್ಲಿ ಎಲ್2 ಒತ್ತಿ ಹಿಡಿದರೆ ಜಾಕಿ: ಆಟಗಾರ ಚೆಂಡಿಗೆ ಮುಖ ಮಾಡಿ ಅಡ್ಡಡ್ಡ ಸರಿಯುತ್ತಾನೆ. ಎಲ್2 ಜೊತೆ ಆರ್2 ಒತ್ತಿದರೆ ಅದೇ ಭಂಗಿಯಲ್ಲಿ ವೇಗ. ಎದುರಾಳಿಯಿಂದ ಒಂದೆರಡು ಹೆಜ್ಜೆ ದೂರ ಉಳಿದು ಗೋಲಿನ ದಾರಿ ಮುಚ್ಚಿ, ಅವನ ಟಚ್ ಉದ್ದವಾದಾಗ ಮಾತ್ರ ಟ್ಯಾಕಲ್‌ಗೆ ಹೋಗಿ. ಬರೀ ಆರ್2 ಒತ್ತಿ ಓಡಿದರೆ ತಿರುಗಲು ಹೊತ್ತು ಹಿಡಿಯುತ್ತದೆ, ಒಂದು ಸಣ್ಣ ಡ್ರಿಬಲ್‌ಗೆ ದಾಟಿಹೋಗುತ್ತಾನೆ. ಆರ್1 ಹಿಡಿದರೆ ಇನ್ನೊಬ್ಬ ಆಟಗಾರ ಒತ್ತಡ ಹಾಕಲು ಬರುತ್ತಾನೆ, ನಿಜ, ಆದರೆ ಅವನೂ ತನ್ನ ಜಾಗ ಬಿಟ್ಟೇ ಬರುವುದು. ಪೆನಾಲ್ಟಿ ಏರಿಯಾ ಹತ್ತಿರ ಆರ್1 ಬೇಡ.

ಇನ್ನು ಟ್ಯಾಕ್ಟಿಕ್ಸ್. ಡಿಫೆನ್ಸಿವ್ ಅಪ್ರೋಚ್‌ನಲ್ಲಿ ‘ಅಗ್ರೆಸಿವ್’ ಇಟ್ಟಿದ್ದರೆ ಬದಲಿಸಿ, ‘ಬ್ಯಾಲೆನ್ಸ್ಡ್’ ಮಾಡಿ. ಲೈನ್ ಹೈಟ್ (ಡಿಫೆನ್ಸ್ ಸಾಲು ಎಷ್ಟು ಮುಂದೆ ನಿಲ್ಲಬೇಕೆಂಬುದು) 50ರ ಆಸುಪಾಸು ಸಾಕು. ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ‘ಹೋಲ್ಡಿಂಗ್’ ರೋಲ್, ಫೋಕಸ್ ‘ಡಿಫೆಂಡ್’. ಫುಲ್‌ಬ್ಯಾಕ್‌ಗಳಲ್ಲಿ ಒಬ್ಬನಾದರೂ ‘ಡಿಫೆಂಡ್’ನಲ್ಲಿರಲಿ. ಹಾಗೆಯೇ ಆ ರೋಲ್‌ನ ಮುಂದೆ ಪ್ಲಸ್ ಗುರುತು ಇದೆಯೇ ನೋಡಿ. ಗುರುತಿಲ್ಲದ ಆಟಗಾರ ಆ ರೋಲ್‌ಗೆ ಒಗ್ಗಿದವನಲ್ಲ, ರೇಟಿಂಗ್ ಎಷ್ಟಿದ್ದರೂ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಪ್ರಶ್ನೆ: ಪಿಸಿಯಲ್ಲಿ ಡೌನ್‌ಲೋಡ್ ಆಯಿತು, ಆದರೆ ತೆರೆಯುವಾಗ ‘ಸೆಕ್ಯೂರ್ ಬೂಟ್’ ಎಂಬ ಎರರ್ ಬರುತ್ತದೆ. ಕಂಪ್ಯೂಟರ್ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650. ಕಾರ್ಡೇ ಸಾಲದೇ? – ಓದುಗರು, ಶಿವಮೊಗ್ಗ

ಉತ್ತರ: ಕಾರ್ಡಿನ ತಪ್ಪಲ್ಲ. ಕನಿಷ್ಠ ಬೇಕಾದದ್ದು ಜಿಟಿಎಕ್ಸ್ 1050 ಟಿಐ, 8 ಜಿಬಿ ರ‍್ಯಾಮ್, 100 ಜಿಬಿ ಜಾಗ. ತೊಡಕಿರುವುದು ಇಎಯ ಆಂಟಿಚೀಟ್‌ನಲ್ಲಿ, ಅಂದರೆ ಆಟದಲ್ಲಿ ಮೋಸ ತಡೆಯುವ ತಂತ್ರಾಂಶದಲ್ಲಿ. ಅದು ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಏಳಲು ಬಿಡುವ ರಕ್ಷಣೆ) ಮತ್ತು ಟಿಪಿಎಂ 2.0 (ಭದ್ರತಾ ಚಿಪ್) ಎರಡೂ ಚಾಲೂ ಇರಬೇಕೆಂದು ಕೇಳುತ್ತದೆ. ಲಿನಕ್ಸ್‌ನಲ್ಲಿ, ಸ್ಟೀಮ್ ಡೆಕ್‌ನಲ್ಲಿ ಈ ಆಟ ಓಡದಿರುವುದಕ್ಕೂ ಆಂಟಿಚೀಟೇ ಕಾರಣ.

ಮೊದಲು ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ಎರಡು ಸಾಲು ಓದಿ: ‘ಬಯೋಸ್ ಮೋಡ್’ ಮತ್ತು ‘ಸೆಕ್ಯೂರ್ ಬೂಟ್ ಸ್ಟೇಟ್’. ಮೋಡ್ ‘ಯುಇಎಫ್ಐ’ ಎಂದಿದ್ದು ಸ್ಟೇಟ್ ‘ಆಫ್’ ಇದ್ದರೆ ಕೆಲಸ ಹಗುರ. ಬಯೋಸ್‌ಗೆ (ಕಂಪ್ಯೂಟರ್ ಏಳುವಾಗ ತೆರೆಯುವ ಮೂಲ ಸೆಟಿಂಗ್ಸ್) ಹೋಗಿ, ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ‘ಸಿಎಸ್ಎಂ’ ಆಫ್ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿ. ಟಿಪಿಎಂ ಬಯೋಸ್‌ನಲ್ಲಿ ಬೇರೆ ಹೆಸರಿನಲ್ಲಿರುತ್ತದೆ: ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. ಆನ್ ಮಾಡಿದರೂ ವಿಂಡೋಸ್ ‘ಆಫ್’ ಎಂದೇ ತೋರಿಸಿದರೆ, ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಕೀಗಳನ್ನು ‘ಫ್ಯಾಕ್ಟರಿ ಡೀಫಾಲ್ಟ್’ಗೆ ಮರಳಿಸಿ. ಬಹಳ ಬೋರ್ಡ್‌ಗಳಲ್ಲಿ ಕೀ ಖಾಲಿ ಇರುವುದೇ ಕಾರಣ.

ಮೋಡ್ ‘ಲೆಗಸಿ’ ಎಂದಿದ್ದರೆ ಎಚ್ಚರ. ಡಿಸ್ಕ್ ಹಳೆಯ ಎಂಬಿಆರ್ ಮಾದರಿಯಲ್ಲಿದೆ ಎಂದರ್ಥ. ಈ ಸ್ಥಿತಿಯಲ್ಲಿ ಬಯೋಸ್ ಮಾತ್ರ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಮುಖ್ಯ ಫೈಲುಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಆಮೇಲೆ ವಿಂಡೋಸ್‌ನಲ್ಲೇ ಬರುವ ‘ಎಂಬಿಆರ್2ಜಿಪಿಟಿ’ ಉಪಕರಣದಿಂದ ಡಿಸ್ಕ್ ಪರಿವರ್ತಿಸಿ. ಅದರಲ್ಲಿ ಮೊದಲು ‘ವ್ಯಾಲಿಡೇಟ್’ ನಡೆಸಿ, ಅದು ಪಾಸಾದರೆ ಮಾತ್ರ ‘ಕನ್ವರ್ಟ್’. ಇದೆಲ್ಲ ಮುಗಿದ ಮೇಲೆ ಬಯೋಸ್. ಈ ಕ್ರಮ ಹಿಂದುಮುಂದು ಆಗಬಾರದು. ಕೈ ನಡುಗಿದರೆ ಕಂಪ್ಯೂಟರ್ ಅಂಗಡಿಯವರಿಂದಲೇ ಮಾಡಿಸಿ.

ಪ್ರಶ್ನೆ: ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಆದರೂ ಆನ್‌ಲೈನ್ ಪಂದ್ಯದಲ್ಲಿ ಬಟನ್ ಒತ್ತಿ ಎಷ್ಟೋ ಹೊತ್ತಿಗೆ ಪಾಸ್ ಹೋಗುತ್ತದೆ. – ಓದುಗರು, ತುಮಕೂರು

ಉತ್ತರ: ಈ ಆಟ ಬಳಸುವ ಡೇಟಾ ಬಹಳ ಕಡಿಮೆ. 100 ಇದ್ದರೂ 30 ಇದ್ದರೂ ಒಂದೇ. ಲೆಕ್ಕಕ್ಕೆ ಬರುವುದು ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ), ಅದಕ್ಕಿಂತ ಹೆಚ್ಚಾಗಿ ಪಿಂಗ್ ಏರಿಳಿಯದೆ ಇರುವುದು. ಕನ್ಸೋಲ್ ಇಟ್ಟ ಜಾಗದಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟು, ಅದೇ ವೈಫೈಯಿಂದ ನಿಮ್ಮ ರೂಟರ್‌ಗೇ ಪಿಂಗ್ ಮಾಡಿ. ಸಾಮಾನ್ಯವಾಗಿ ವಿಳಾಸ 192.168.1.1 ಅಥವಾ 192.168.0.1. ಅಲ್ಲೇ ಅಂಕಿ 2, 3, 80, 4, 120 ಎಂದು ಕುಣಿದರೆ ದೋಷ ಮನೆಯೊಳಗಿನ ವೈಫೈಯದ್ದು, ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಲ್ಯಾನ್ ಕೇಬಲ್ ಎಳೆಯಿರಿ. ಆಗದಿದ್ದರೆ 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ. ರೂಟರ್‌ವರೆಗೆ ಸರಿಯಿದ್ದು, ಮನೆಯವರು ಫೋಟೊ-ವಿಡಿಯೊ ಅಪ್‌ಲೋಡ್ ಮಾಡುವಾಗ ಮಾತ್ರ ಆಟ ತಡವರಿಸಿದರೆ, ನಿಮ್ಮ ಪ್ಯಾಕೆಟ್‌ಗಳು ರೂಟರ್‌ನ ಸರತಿಯಲ್ಲಿ ನಿಂತಿವೆ. ರೂಟರ್‌ನಲ್ಲಿ ‘ಕ್ಯೂಒಎಸ್’ ಇದ್ದರೆ ಕನ್ಸೋಲ್‌ಗೆ ಆದ್ಯತೆ ಕೊಡಿ.

ಆಫ್‌ಲೈನ್‌ನಲ್ಲೂ ತಡವಾದರೆ ನೆಟ್ ಬಿಟ್ಟು ಟಿವಿಯ ಸೆಟಿಂಗ್ಸ್ ನೋಡಿ. ಸಾಮಾನ್ಯವಾಗಿ ಅಲ್ಲಿ ಗೇಮ್ ಮೋಡ್ ಆಫ್ ಇರುತ್ತದೆ, ಚಿತ್ರ ನಯಗೊಳಿಸುವ ಸಂಸ್ಕರಣೆಯಲ್ಲೇ ಹೊತ್ತು ಹೋಗುತ್ತದೆ.

ಪ್ರಶ್ನೆ: ಇಂಟರ್ ಮಿಲಾನ್ ಹುಡುಕಿದರೆ ಸಿಗುವುದಿಲ್ಲ, ‘ಲೊಂಬಾರ್ದಿಯಾ’ ಎಂದೇನೋ ಇದೆ. ಫಿಫಾ ಹೆಸರು ಹೋದದ್ದರಿಂದ ಹೀಗಾಯಿತೇ? – ಓದುಗರು, ಬೆಳಗಾವಿ

ಉತ್ತರ: ಸಂಬಂಧವಿಲ್ಲ. ಈ ಸರಣಿಗೆ ಮೊದಲು ‘ಫಿಫಾ’ ಎಂದೇ ಹೆಸರಿತ್ತು; ಫಿಫಾ ಜೊತೆಗಿನ ಒಪ್ಪಂದ ಫಿಫಾ 23ಕ್ಕೆ ಮುಗಿಯಿತು. ಹೋದದ್ದು ಹೆಸರು ಮತ್ತು ವಿಶ್ವಕಪ್. ಲೀಗ್, ಕ್ಲಬ್, ಆಟಗಾರರ ಸಂಘ, ಇವರೆಲ್ಲರ ಪರವಾನಗಿ ಬೇರೆ ಬೇರೆ. ಬೆಂಗಳೂರು ಎಫ್‌ಸಿ ಫಿಫಾ 22ರಲ್ಲಿ ಬಂದದ್ದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪರವಾನಗಿಯ ಮೂಲಕ. ಇಟಲಿಯ ಕೆಲವು ಕ್ಲಬ್‌ಗಳು ಇಎಯ ಪ್ರತಿಸ್ಪರ್ಧಿ ಗೇಮ್ ಕಂಪನಿ ಕೊನಾಮಿಯ ಜೊತೆ ಒಪ್ಪಂದ ಮಾಡಿಕೊಂಡಿವೆ. ಅದಕ್ಕೇ ಎಫ್‌ಸಿಯಲ್ಲಿ ಇಂಟರ್‌ಗೆ ಲೊಂಬಾರ್ದಿಯಾ ಎಫ್‌ಸಿ, ಎಸಿ ಮಿಲಾನ್‌ಗೆ ಮಿಲಾನೊ ಎಫ್‌ಸಿ ಎಂಬ ಹೆಸರು, ಬೇರೆ ಜೆರ್ಸಿ. ಇಂಟರ್‌ನ ಲೌಟಾರೊ ಮಾರ್ಟಿನೆಜ್ ಅವರಂಥ ಆಟಗಾರರ ಹೆಸರು ಮಾತ್ರ ನಿಜದ್ದೇ.

ಪ್ರಶ್ನೆ: ಕೊನಾಮಿಯ ಇಫುಟ್‌ಬಾಲ್ ಉಚಿತ. ದುಡ್ಡು ಕೊಟ್ಟು ಎಫ್‌ಸಿ ಏಕೆ? – ಓದುಗರು, ಕಲಬುರಗಿ

ಉತ್ತರ: 2021ರ ಸೆಪ್ಟೆಂಬರ್ 30ರಂದು ಬಂದಾಗ ಇಫುಟ್‌ಬಾಲ್ ಅರೆಬೆಂದ ಆಟವಾಗಿತ್ತು, ಮುಖಗಳೇ ವಿಕಾರವಾಗಿದ್ದವು. ಈಗಿನದು ಹಾಗಿಲ್ಲ. ಚೆಂಡಿನ ತೂಕ, ಮೊದಲ ಟಚ್, ಮೈಗೆ ಮೈ ತಾಗುವುದು, ಇವು ಅದರಲ್ಲಿ ಬಹಳ ಚೆಂದ. ಗೆಳೆಯರೊಡನೆ ಆನ್‌ಲೈನ್ ಆಡಲು, ಮೊಬೈಲ್‌ನಲ್ಲಿ ಆಡಲು ಅದೇ ಸಾಕು. ಆದರೆ ಕೊನಾಮಿಯ ಹಳೆಯ ಆಟ ಪಿಇಎಸ್‌ನ ಮಾಸ್ಟರ್ ಲೀಗ್‌ನಂತೆ ಕ್ಲಬ್ ಕಟ್ಟುವ ಆಸೆ ಇದ್ದರೆ ಎಫ್‌ಸಿಯ ಕರಿಯರ್‌ಗೇ ಬರಬೇಕು.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಪ್ಯಾಕ್ ತೆಗೆಯಲು ದುಡ್ಡು ಕೇಳುತ್ತಾನೆ. ಕೊಡದಿದ್ದರೆ ಸೋಲುತ್ತೇನೆ ಅನ್ನುತ್ತಾನೆ. – ಒಬ್ಬ ತಾಯಿ, ಮೈಸೂರು

ಉತ್ತರ: ದಯವಿಟ್ಟು ಕೊಡಬೇಡಿ ಅಮ್ಮ. ಅಲ್ಟಿಮೇಟ್ ಟೀಮ್‌ನ ಪ್ಯಾಕ್ ಎಂದರೆ ಆಟಗಾರರ ಕಾರ್ಡ್‌ಗಳ ಮುಚ್ಚಿದ ಪೊಟ್ಟಣ; ಅದರಲ್ಲಿ ಯಾವ ಆಟಗಾರ ಬರುತ್ತಾನೆಂದು ಕೊಳ್ಳುವಾಗ ಗೊತ್ತಿರುವುದಿಲ್ಲ. ದೊಡ್ಡ ಹೆಸರುಗಳ ಸಂಭವನೀಯತೆ ಶೇ 1ಕ್ಕಿಂತ ಕಡಿಮೆ ಎಂದು ಆಟದಲ್ಲೇ ಬರೆದಿರುತ್ತದೆ; ಅದನ್ನು ಮಗನ ಜೊತೆ ಕೂತು ಓದಿ. ಬೆಲ್ಜಿಯಂನಲ್ಲಿ ಇದನ್ನು ಜೂಜೆಂದು ಪರಿಗಣಿಸಿದ್ದರಿಂದ 2019ರ ಆರಂಭದಲ್ಲೇ ಅಲ್ಲಿ ಪ್ಯಾಕ್ ಕೊಳ್ಳಲು ಬೇಕಾದ ಪಾಯಿಂಟ್‌ಗಳ ಮಾರಾಟ ನಿಂತಿತು. ಮುಂದಿನ ವರ್ಷದ ಆಟಕ್ಕೆ ಈ ತಂಡ ಹೋಗುವುದೂ ಇಲ್ಲ.

ಪಿಎಸ್5ರ ಸೆಟಿಂಗ್ಸ್‌ನಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್‌ಗೆ ಹೋಗಿ ಮಗನಿಗೆ ಮಕ್ಕಳ ಖಾತೆ ಮಾಡಿ, ತಿಂಗಳ ಖರ್ಚಿನ ಮಿತಿ ಸೊನ್ನೆ ಇಡಿ. ಆಟದೊಳಗೆ ‘ಪ್ಲೇಟೈಮ್’ ಎಂಬ ವಿಭಾಗವಿದೆ. ಆಡಿದ ಪಂದ್ಯ, ತೆರೆದ ಪ್ಯಾಕ್, ಕೊಂಡ ಪಾಯಿಂಟ್‌ಗಳ ಲೆಕ್ಕ ಅಲ್ಲಿ ಸಿಗುತ್ತದೆ, ಮಿತಿಯನ್ನೂ ಹಾಕಬಹುದು. ದುಡ್ಡಿಲ್ಲದೆಯೂ ತಂಡ ಬೆಳೆಯುತ್ತದೆಂದು ಅವನಿಗೆ ತೋರಿಸಿ: ಪಂದ್ಯಗಳ ವಾರದ ಬಹುಮಾನ, ಇರುವ ಆಟಗಾರನನ್ನೇ ಬೆಳೆಸುವ ‘ಇವಲ್ಯೂಷನ್ಸ್’, ಟ್ರಾನ್ಸ್‌ಫರ್ ಮಾರುಕಟ್ಟೆಯ ವ್ಯಾಪಾರ. ಮಾರಾಟದ ಮೇಲೆ ಶೇ 5 ಕಡಿತವಿದೆ. 10,000 ನಾಣ್ಯಕ್ಕೆ ಕೊಂಡವನನ್ನು 10,500ಕ್ಕೆ ಮಾರಿದರೆ ಕೈಗೆ ಬರುವುದು 9,975, ಅಂದರೆ ನಷ್ಟ. ಈ ಲೆಕ್ಕವನ್ನು ಅವನಿಂದಲೇ ಮಾಡಿಸಿ.

ಪ್ರಶ್ನೆ: ನನ್ನದು ಪಿಎಸ್4, ತಮ್ಮನದು ಪಿಎಸ್5. ಬೇರೆ ಬೇರೆ ಕನ್ಸೋಲ್‌ನವರು ಒಟ್ಟಿಗೆ ಆಡುವ ಕ್ರಾಸ್‌ಪ್ಲೇ ಇದೆಯಲ್ಲ, ಬೇರೆ ಊರಿನಿಂದ ಒಟ್ಟಿಗೆ ಆಡಬಹುದೇ? – ಓದುಗರು, ಹಾಸನ

ಉತ್ತರ: ಆಗುವುದಿಲ್ಲ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿ ಒಂದು ಗುಂಪು. ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಇನ್ನೊಂದು. ತಮ್ಮ ತನ್ನ ಪಿಎಸ್5ರಲ್ಲೇ ಪಿಎಸ್4 ಆವೃತ್ತಿ ಇಳಿಸಿಕೊಂಡರೆ ಮಾತ್ರ ನಿಮ್ಮ ಗುಂಪಿಗೆ ಬರುತ್ತಾನೆ.