ಅಮ್ಮನನ್ನು ಐಸಿಯುಗೆ ಕರೆದುಕೊಂಡು ಹೋಗಿ

ಈ ವಾರಕ್ಕೆ ಬೇರೊಂದು ಪತ್ರದ ಉತ್ತರ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಶಿವಮೊಗ್ಗ ಕಡೆಯ ಓದುಗರೊಬ್ಬರ ಪತ್ರ ಓದಿದ ಮೇಲೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ಅವರಿಗೆ ಉತ್ತರವನ್ನು ಅವತ್ತು ರಾತ್ರಿಯೇ ಕಳಿಸಿದ್ದೇನೆ, ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅಲ್ಲ ಅದು. ಇಂಥ ಸಂಕಟ ಬೇರೆ ಮನೆಗಳಲ್ಲೂ ಇರುತ್ತದೆ ಅಂತ, ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ.

ವಿಷಯ ಇಷ್ಟು. ಅಪ್ಪನಿಗೆ 76 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿ ಆಪರೇಷನ್ ಆಯಿತು, ಪ್ರಜ್ಞೆ ಬಂದಿಲ್ಲ. ವೆಂಟಿಲೇಟರ್ ಮೇಲೆ 12ನೇ ದಿನ. ಈಗ ನ್ಯುಮೋನಿಯಾ ಬೇರೆ, ಕಿಡ್ನಿಯೂ ಕೈಕೊಡುತ್ತಿದೆ. ಗಂಟಲಿಗೆ ಟ್ರಕಿಯಾಸ್ಟಮಿ (ಉಸಿರಿನ ಟ್ಯೂಬಿಗೆ ಕುತ್ತಿಗೆಯಲ್ಲಿ ರಂಧ್ರ) ಮಾಡಬೇಕು, ಡಯಾಲಿಸಿಸ್ ಬೇಕಾಗಬಹುದು, ನಿಮ್ಮ ನಿರ್ಧಾರ ನಾಳೆ ಹೇಳಿ ಎಂದಿದ್ದಾರೆ ಡಾಕ್ಟರ್. ಮಗಳು, ಅಂದರೆ ಪತ್ರ ಬರೆದವರು, ‘ಏನೇನು ಸಾಧ್ಯವೋ ಎಲ್ಲಾ ಮಾಡಿಸಬೇಕು’ ಅನ್ನುತ್ತಾರೆ. ಅಣ್ಣ ‘ಸಾಕು, ಅಪ್ಪನಿಗೆ ಇನ್ನು ಹಿಂಸೆ ಬೇಡ’ ಅನ್ನುತ್ತಾನೆ. ತಮ್ಮ ಅಳುತ್ತಾನೆ. ಬೆಂಗಳೂರಿನ ಸೋದರಮಾವ ದಿನಾ ಸಂಜೆ ಫೋನ್ ಮಾಡಿ ‘ದುಡ್ಡಿನ ಮುಖ ನೋಡಬೇಡಿ’ ಅನ್ನುತ್ತಾರೆ. ಪತ್ರದ ಕೊನೆಯಲ್ಲಿ ಪ್ರಶ್ನೆ: ‘ಅಣ್ಣ ಅಪ್ಪನನ್ನು ಕೈಯಾರೆ ಕಳಿಸಲು ಹೊರಟಿದ್ದಾನೆ. ಅವನನ್ನು ಹೇಗೆ ತಡೆಯಲಿ?’

ಅಣ್ಣನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾಲ್ಕು ಪುಟದ ಪತ್ರದ ಮಧ್ಯೆ, ಬೇರೆ ಏನನ್ನೋ ಹೇಳುವಾಗ ನೀವು ಹೀಗೆ ಬರೆದಿದ್ದೀರಿ:

‘ಅಮ್ಮನಿಗೆ ಬಿಪಿ, ಶುಗರ್ ಇರುವುದರಿಂದ ಏನೂ ಹೇಳಿಲ್ಲ. ವಾರ್ಡಿನಲ್ಲಿದ್ದಾರೆ, ಸುಸ್ತು ಜಾಸ್ತಿ, ಅಷ್ಟೇ ಅಂದಿದ್ದೇವೆ. ಅವರು ದಿನಾ ಬೆಳಿಗ್ಗೆ ಗಂಜಿ ಮಾಡಿ ಫ್ಲಾಸ್ಕಿಗೆ ಹಾಕಿ ಕೊಡುತ್ತಾರೆ. ಸಂಜೆ ಕುಡಿದರಾ ಅಂತ ಕೇಳುತ್ತಾರೆ. ಅರ್ಧ ಲೋಟ ಕುಡಿದರು ಅನ್ನುತ್ತೇವೆ.’

ಇಷ್ಟು ಬರೆದು ಮುಂದಿನ ಸಾಲಿಗೆ ಆಸ್ಪತ್ರೆ ಬಿಲ್ಲಿನ ಲೆಕ್ಕಕ್ಕೆ ಹೋಗಿದ್ದೀರಿ. ನನಗೆ ಮುಂದೆ ಹೋಗಲು ಆಗಲಿಲ್ಲ.

ಆ ಗಂಜಿ ಏನಾಗುತ್ತಿದೆ? ನೀವು ಬರೆದಿಲ್ಲ. ಆಸ್ಪತ್ರೆಯ ಸಿಂಕಿಗೆ ಸುರಿಯುತ್ತಿದ್ದೀರಿ ಅಂತಲೇ ಅಂದುಕೊಂಡಿದ್ದೇನೆ. ಮೂಗಿನ ಟ್ಯೂಬಿನಲ್ಲಿ ಆಹಾರ ಹೋಗುತ್ತಿರುವ ಗಂಡನಿಗೆ ಉಪ್ಪು ಎಷ್ಟು ಹಾಕಲಿ ಅಂತ ಯೋಚಿಸುತ್ತಾ ಆ ತಾಯಿ ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಿದ್ದಾರೆ. ಸಂಜೆ ಖಾಲಿ ಫ್ಲಾಸ್ಕ್ ಬಂದರೆ ಅವರಿಗೆ ಒಂದಿಷ್ಟು ಸಮಾಧಾನ. ನೀವು ಮೂವರು ಮಕ್ಕಳು ಅಪ್ಪನ ವಿಷಯದಲ್ಲಿ ಜಗಳವಾಡುತ್ತಿದ್ದೀರಿ. ಆದರೆ ಈ ಒಂದು ಸುಳ್ಳನ್ನು ಮಾತ್ರ ಒಗ್ಗಟ್ಟಾಗಿ ಹೇಳುತ್ತಿದ್ದೀರಿ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಬಿಪಿ ಇದೆ ಅಂತ ವಯಸ್ಸಾದ ಹೆಂಗಸರಿಂದ ಸತ್ಯ ಮುಚ್ಚಿಡಬೇಡಿ. ಆಸ್ತಿ ಭಾಗದ ವಿಷಯ ಮುಚ್ಚಿಡುತ್ತಾರೆ, ಮಗಳ ಡೈವೋರ್ಸ್ ಮುಚ್ಚಿಡುತ್ತಾರೆ, ಅವರದ್ದೇ ಕ್ಯಾನ್ಸರ್ ರಿಪೋರ್ಟ್ ಕೂಡ ಮುಚ್ಚಿಡುತ್ತಾರೆ. ಎಲ್ಲದಕ್ಕೂ ಬಿಪಿಯೇ ನೆಪ. ಬಿಪಿಗೆ ಮಾತ್ರೆ ಇದೆ ಅಲ್ವಾ? ಗಂಡ ಹೋದ ಮೇಲೆ, ಅವರಿಗೆ 12 ದಿನ ಪ್ರಜ್ಞೆಯೇ ಇರಲಿಲ್ಲ, ನಾನು ಮಾತ್ರ ಮನೆಯಲ್ಲಿ ಗಂಜಿ ಕಾಯಿಸುತ್ತಿದ್ದೆ ಅಂತ ಗೊತ್ತಾದರೆ, ಅದಕ್ಕೆ ಯಾವ ಮಾತ್ರೆ ಕೊಡುತ್ತೀರಿ?

ವಯಸ್ಸಾದವರು ಸಾವಿನ ಮಾತು ತಡೆಯಲಾರರು ಅನ್ನುವವರಿಗೆ ನಾನು ನಮ್ಮದೇ ರಾಜ್ಯದ ದಾವಣಗೆರೆಯ ಎಚ್.ಬಿ. ಕರಿಬಸಮ್ಮನವರ ಹೆಸರು ಹೇಳುತ್ತೇನೆ. ನಿವೃತ್ತ ಶಿಕ್ಷಕಿ. ಘನತೆಯಿಂದ ಸಾಯುವ ಹಕ್ಕು ಬೇಕು ಅಂತ ವರ್ಷಗಟ್ಟಲೆ ಸರ್ಕಾರಕ್ಕೆ ಪತ್ರ ಬರೆದರು, ಕಚೇರಿಗಳಿಗೆ ಅಲೆದರು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಈ ಬಗ್ಗೆ ಸುತ್ತೋಲೆ ಹೊರಡಿಸುವ ಹೊತ್ತಿಗೆ ಅವರಿಗೆ 80 ದಾಟಿತ್ತು. ನಿಮ್ಮ ಅಮ್ಮನ ವಯಸ್ಸಿನವರು ಸಾವಿನ ಬಗ್ಗೆ ನಮಗಿಂತ ಜಾಸ್ತಿ ಯೋಚಿಸಿರುತ್ತಾರೆ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ನಿಮ್ಮ ಪತ್ರದಲ್ಲೇ ಇನ್ನೊಂದು ಸಾಲಿದೆ. ಮೂರು ವರ್ಷದ ಹಿಂದೆ ನಿಮ್ಮ ದೊಡ್ಡಪ್ಪ ಹೀಗೇ ಐಸಿಯುನಲ್ಲಿದ್ದಾಗ, ಅಪ್ಪ-ಅಮ್ಮ ಇಬ್ಬರೇ ಆಸ್ಪತ್ರೆಗೆ ಓಡಾಡಿದ್ದರು ಅಂತ ಬರೆದಿದ್ದೀರಿ. ಅಂದರೆ ಅಮ್ಮನಿಗೆ ವೆಂಟಿಲೇಟರ್ ಅಂದರೆ ಏನು ಅಂತ ನಿಮಗಿಂತ ಮುಂಚೆಯೇ ಗೊತ್ತು! ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಿಮ್ಮ ಅಪ್ಪ ಏನಾದರೂ ಅಂದಿರುತ್ತಾರೆ. ‘ನನಗೂ ಹೀಗೇ ಆದರೆ’ ಅಂತ ಶುರುವಾಗುವ ಮಾತನ್ನು ಆ ವಯಸ್ಸಿನ ಯಾವ ಗಂಡ ಹೆಂಡತಿಯ ಹತ್ತಿರ ಆಡಿರುವುದಿಲ್ಲ? ಅದನ್ನು ಮಕ್ಕಳ ಹತ್ತಿರ ಆಡುವುದಿಲ್ಲ. ನಿಮ್ಮ ಅಪ್ಪನಿಗೆ ಏನು ಬೇಕಿತ್ತು ಅಂತ ಹೇಳಬಲ್ಲ ಒಬ್ಬರೇ ಒಬ್ಬರನ್ನು ನೀವು ಅಡುಗೆಮನೆಯಲ್ಲಿ ಕೂರಿಸಿದ್ದೀರಿ.

ಇದಕ್ಕೆ ನಿಮ್ಮೊಬ್ಬರನ್ನೇ ಬೈಯುವುದಿಲ್ಲ. ‘ಅಕ್ಕನಿಗೆ ಹೇಳಿದರೆ ಅವಳೂ ಮಲಗಿಬಿಡುತ್ತಾಳೆ’ ಅಂತ ಮೊದಲ ದಿನವೇ ಅಪ್ಪಣೆ ಕೊಟ್ಟವರು ನಿಮ್ಮ ಮಾವ. ಅವರ ಮೇಲೆ ನನಗೆ ಸಿಟ್ಟಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ, ಡಾಕ್ಟರ್ ಮುಖ ನೋಡಿಲ್ಲ, ಒಂದು ರೂಪಾಯಿ ಕಟ್ಟಿಲ್ಲ. ದೂರದಲ್ಲಿ ಕೂತು ‘ದುಡ್ಡಿನ ಮುಖ ನೋಡಬೇಡಿ’ ಅನ್ನುತ್ತಾರೆ. ಯಾರ ದುಡ್ಡು? ಸೈಟಿನ ಪತ್ರ ಅಡವಿಟ್ಟಿರುವುದು ನಿಮ್ಮ ಅಣ್ಣ. ಇಂಥ ನೆಂಟರು ಎಲ್ಲಾ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತಿಗೆ ಅಂಜಿ, ‘ನಾಳೆ ಜನ ಏನೆಂದಾರು’ ಅಂತ ಎಷ್ಟೋ ಜನ ಬೇಡದ ಚಿಕಿತ್ಸೆಗೂ ಸಹಿ ಹಾಕುತ್ತಾರೆ.

ಅಣ್ಣನ ವಿಷಯ. ‘ಕಲ್ಲಿನಂಥವನು, ಬರೀ ಬಿಲ್ ನೋಡುತ್ತಾನೆ’ ಅಂತ ಬರೆದಿದ್ದೀರಿ. ಬಿಲ್ ಯಾರಾದರೂ ಒಬ್ಬರು ನೋಡಲೇಬೇಕಲ್ಲ? ದಿನದ ಖರ್ಚು ಎಷ್ಟು ಅಂತ ಕೇಳುವುದು ಪಾಪ ಅಲ್ಲ. ರಾತ್ರಿ ಐಸಿಯು ಹೊರಗೆ ಸ್ಟೀಲ್ ಕುರ್ಚಿಯ ಮೇಲೆ ಮಲಗುವವನು ಅವನೇ, ಔಷಧಿ ಚೀಟಿ ಹಿಡಿದು ಓಡುವವನೂ ಅವನೇ ಅಂತ ನಿಮ್ಮ ಪತ್ರವೇ ಹೇಳುತ್ತದೆ. ಅವನು ಅಪ್ಪನನ್ನು ಕಳಿಸಲು ಹೊರಟಿಲ್ಲ. ಅವನಿಗೆ ಅಪ್ಪನ ನರಳಾಟ ನೋಡಲಾಗುತ್ತಿಲ್ಲ. ನೀವು ಅವನ ಮೇಲೆ ಹೊರಿಸಿರುವ ಮಾತು ತುಂಬಾ ದೊಡ್ಡದು. ಅದನ್ನು ಅವನ ಎದುರಿಗೆ ಇನ್ನೂ ಆಡಿಲ್ಲದಿದ್ದರೆ, ದಯವಿಟ್ಟು ಆಡಲೇಬೇಡಿ.

ಹಾಗಂತ ಅಣ್ಣ ಹೇಳಿದ್ದೇ ಸರಿ ಅಂತಲೂ ನಾನು ಹೇಳುತ್ತಿಲ್ಲ. ನೀವಿಬ್ಬರೂ ತಪ್ಪು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ. ‘ಎಲ್ಲಾ ಮಾಡಿ’ ಅನ್ನುವುದೂ ‘ಸಾಕು ಮಾಡಿ’ ಅನ್ನುವುದೂ ಡಾಕ್ಟರಿಗೆ ಉಪಯೋಗಕ್ಕೆ ಬರುವ ಉತ್ತರ ಅಲ್ಲ. ಯಾಕೆ ಮಾಡುತ್ತಿದ್ದೇವೆ, ಏನು ಸಿಗುತ್ತದೆ ಅಂತ ಮೊದಲು ತಿಳಿಯಬೇಕು. ಟ್ರಕಿಯಾಸ್ಟಮಿಯನ್ನೇ ತೆಗೆದುಕೊಳ್ಳಿ. ಬಾಯಿಯ ಟ್ಯೂಬ್ ಒಂದೆರಡು ವಾರ ಆದ ಮೇಲೆ, ಇನ್ನೂ ವೆಂಟಿಲೇಟರ್ ಬೇಕು ಅನ್ನಿಸಿದರೆ, ಕುತ್ತಿಗೆಯಲ್ಲಿ ಚಿಕ್ಕ ರಂಧ್ರ ಮಾಡಿ ಅಲ್ಲಿಂದ ಟ್ಯೂಬ್ ಹಾಕುತ್ತಾರೆ. ಬಾಯಿಗೆ ಆರಾಮ, ಮಂಪರಿನ ಔಷಧಿ ಕಡಿಮೆ ಸಾಕು, ಕಫ ತೆಗೆಯುವುದು ಸುಲಭ. ಆದರೆ ಅದು ಮೆದುಳನ್ನು ವಾಸಿ ಮಾಡುವುದಿಲ್ಲ. ಎಚ್ಚರವಾಗುವ ಆಸೆ ಇರುವವರಿಗೆ ಅದು ಗುಣವಾಗುವ ದಾರಿಯ ಒಂದು ಹೆಜ್ಜೆ. ಆ ಆಸೆ ಇಲ್ಲದವರಿಗೆ, ಅದೇ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇರುವ ದಾರಿಯೂ ಆಗಬಹುದು. ನಿಮ್ಮ ಅಪ್ಪ ಇದರಲ್ಲಿ ಯಾವ ಕಡೆ ಇದ್ದಾರೆ ಅಂತ ಕೇಳಿದ್ದೀರಾ? ಪತ್ರದಲ್ಲಿ ಇಲ್ಲ. ಸಾಮಾನ್ಯವಾಗಿ ಇದು ನಿಂತ ಕಾಲಲ್ಲಿ ಮಾಡುವ ಕೆಲಸವೂ ಅಲ್ಲ. ಒಂದು ದಿನ ಸಮಯ ಬೇಕು ಅಂತ ಧೈರ್ಯವಾಗಿ ಕೇಳಬಹುದು.

ದಿನಾ ಬಾಗಿಲ ಹತ್ತಿರ ನಿಂತು ಎರಡು ನಿಮಿಷ ಕೇಳುವ ಮಾತು ಸಾಲದು. ಅದೂ ಒಂದು ದಿನ ನೀವು, ಒಂದು ದಿನ ತಮ್ಮ, ಒಂದು ದಿನ ಅಣ್ಣ. ಒಬ್ಬರಿಗೆ ‘ಸ್ವಲ್ಪ ಸುಧಾರಿಸಿದ್ದಾರೆ’ ಅಂತ ಕೇಳಿಸಿರುತ್ತದೆ, ಇನ್ನೊಬ್ಬರಿಗೆ ‘ಕಷ್ಟ’ ಅಂತ. ಅರ್ಧ ಜಗಳ ಅಲ್ಲಿಂದಲೇ ಹುಟ್ಟಿರುವುದು. ಡಾಕ್ಟರ್ ಜೊತೆ ಒಂದು ರೂಮಿನಲ್ಲಿ ಎಲ್ಲರೂ ಕೂತು ಮಾತಾಡಬೇಕು. ಫ್ರಾನ್ಸಿನ 22 ಐಸಿಯುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು, ವರದಿ 2007ರಲ್ಲಿ ಬಂತು. ರೋಗಿ ಉಳಿಯುವುದಿಲ್ಲ ಅನ್ನುವ ಹಂತದಲ್ಲಿ ಮನೆಯವರನ್ನು ಕೂರಿಸಿಕೊಂಡು, ಅವರ ಮಾತು ಕೇಳುವುದಕ್ಕೇ ಸಮಯ ಇಟ್ಟು ನಡೆಸಿದ ಮೀಟಿಂಗ್ ಸುಮಾರು 30 ನಿಮಿಷ ಆಗಿತ್ತು, ಅದರಲ್ಲಿ ಮನೆಯವರು ಮಾತಾಡಿದ್ದು 14 ನಿಮಿಷ. ಮಾಮೂಲಿ ಮೀಟಿಂಗಿನಲ್ಲಿ ಅವರ ಪಾಲಿಗೆ ಸಿಕ್ಕಿದ್ದು 5 ನಿಮಿಷ. ಮೂರು ತಿಂಗಳಾದ ಮೇಲೆ ವಿಚಾರಿಸಿದರೆ, ಹೆಚ್ಚು ಮಾತಾಡಿದ ಮನೆಯವರಲ್ಲಿ ಖಿನ್ನತೆ, ಆತಂಕ, ಆಘಾತದ ಲಕ್ಷಣ ಎಲ್ಲವೂ ಕಡಿಮೆ ಇದ್ದವು. ಜೊತೆಗೆ ಒಂದು ಕಿರುಪುಸ್ತಕವನ್ನೂ ಕೊಟ್ಟಿದ್ದರು. ಮೀಟಿಂಗ್ ಉದ್ದವಾಗಿದ್ದು ಸುಮಾರು ಹತ್ತು ನಿಮಿಷ, ಅಷ್ಟೇ. ಆಸ್ಪತ್ರೆಯವರು ಬಿಜಿ ಅಂತ ಸಂಕೋಚಪಟ್ಟು ಅದನ್ನು ಬಿಟ್ಟುಕೊಡಬೇಡಿ.

ಆ ಮೀಟಿಂಗಿನಲ್ಲಿ ಡಾಕ್ಟರನ್ನು ನೇರವಾಗಿ ಕೇಳಿ: ನಿಮ್ಮ ಅನುಭವದಲ್ಲಿ ಇವರು ಕಣ್ಣು ಬಿಟ್ಟು ನಮ್ಮ ಗುರುತು ಹಿಡಿಯುವ ಹಾಗೆ ಆಗುತ್ತಾರಾ? ತಾವೇ ನುಂಗುತ್ತಾರಾ? ಎಲ್ಲಾ ಚೆನ್ನಾಗಿ ನಡೆದರೆ ಆರು ತಿಂಗಳ ಮೇಲೆ ಹೇಗಿರುತ್ತಾರೆ? ಡಾಕ್ಟರಿಗೂ ಖಚಿತ ಇಲ್ಲದಿದ್ದರೆ, ಇಷ್ಟು ದಿನ ಪೂರ್ತಿ ಪ್ರಯತ್ನ ಮಾಡೋಣ, ಇಂಥಿಂಥದ್ದು ಸುಧಾರಿಸದಿದ್ದರೆ ಮತ್ತೆ ಕೂರೋಣ ಅಂತ ಒಂದು ಗಡುವು ಹಾಕಿಕೊಳ್ಳಬಹುದು. ಐಸಿಯು ಡಾಕ್ಟರುಗಳಿಗೆ ಇದು ಹೊಸದಲ್ಲ. ನಿಮಗೂ ಅಣ್ಣನಿಗೂ ಒಪ್ಪಿಗೆಯಾಗುವ ದಾರಿ ಬಹುಶಃ ಇದೇ. ಹೇಳಿದ್ದನ್ನೆಲ್ಲ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಅವನಿಗೂ ಒಂದು ಕೆಲಸ ಸಿಗುತ್ತದೆ.

ಕಾನೂನಿನ ಹೆದರಿಕೆಯನ್ನೂ ಬರೆದಿದ್ದೀರಿ, ಚಿಕ್ಕದಾಗಿ ಹೇಳುತ್ತೇನೆ. ಗುಣವಾಗುವ ಭರವಸೆ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರಗಳನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಮಾಡಿಕೊಟ್ಟಿತು, 2023ರಲ್ಲಿ ಅದನ್ನು ಸರಳ ಮಾಡಿತು. ಅದು ಅಣ್ಣ ಒಬ್ಬನೇ ಹೇಳಿದರೆ ಆಗುವುದಿಲ್ಲ. ನೋಡುತ್ತಿರುವ ವೈದ್ಯರ ಜೊತೆ ಇನ್ನಿಬ್ಬರು ತಜ್ಞರು ಸೇರಿ ಒಂದು ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ. ಎರಡೂ ಒಪ್ಪಬೇಕು, ಮನೆಯವರು ಬರೆದು ಒಪ್ಪಿಗೆ ಕೊಡಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆದ್ದರಿಂದ ಯಾರೂ ಯಾರನ್ನೂ ಕದ್ದು ಕಳಿಸಲು ಆಗುವುದಿಲ್ಲ. ಇನ್ನೊಂದು ಮಾತು: ಜಗಳ ಬಿಗಡಾಯಿಸಿ ‘ಬರೆದುಕೊಟ್ಟು ಮನೆಗೆ ಕರೆದುಕೊಂಡು ಹೋಗೋಣ’ ಅಂತ ಹೊರಡಬೇಡಿ. ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಉಸಿರಿಗೆ ಒದ್ದಾಡಿ ಹೋಗುವ ಹಿಂಸೆ ಯಾರ ಅಪ್ಪನಿಗೂ ಬೇಡ. ಯಂತ್ರ ಕಡಿಮೆ ಮಾಡಿದರೂ ನೋವು, ಉಬ್ಬಸಕ್ಕೆ ಔಷಧಿ ಕೊಟ್ಟು ನೋಡಿಕೊಳ್ಳುವ ಉಪಶಮನ ಚಿಕಿತ್ಸೆ ಅಂತ ಇದೆ. ಅದನ್ನು ಕೇಳಿ ಪಡೆಯಿರಿ.

ಇದೆಲ್ಲ ಅಮ್ಮ ಇಲ್ಲದೆ ನಡೆಯಬಾರದು. ನಿಮಗೆ ನಾನು ಕೊಡುವ ಸಲಹೆ ಒಂದೇ. ಇವತ್ತು ರಾತ್ರಿ ಮೂವರೂ ಅಮ್ಮನ ಪಕ್ಕ ಕೂತು ನಿಜ ಹೇಳಿ. ಗಂಜಿಯ ವಿಷಯವನ್ನೂ ಹೇಳಿ, ಕ್ಷಮೆ ಕೇಳಿ. ಮಾತ್ರೆ ಕೊಟ್ಟಿರಿ, ಊಟ ಮಾಡಿಸಿರಿ. ಅತ್ತರೆ ಅಳಲಿ. ಬೈದರೆ ಬೈಸಿಕೊಳ್ಳಿ. ನಾಳೆ ಕರೆದುಕೊಂಡು ಹೋಗಿ. ಒಳಗೆ ಕಳಿಸುವ ಮುಂಚೆ ಏನು ಕಾಣುತ್ತದೆ ಅಂತ ಹೇಳಿಟ್ಟಿರಿ: ಮುಖ ಊದಿದೆ, ಬಾಯಲ್ಲಿ ಟ್ಯೂಬ್, ಕೆನ್ನೆಗೆ ಪಟ್ಟಿ ಅಂಟಿಸಿದ್ದಾರೆ, ಟ್ಯೂಬ್ ಕೀಳದ ಹಾಗೆ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದಾರೆ ಅಂತ. ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ತುಂಬಾ ವ್ಯತ್ಯಾಸ. ಅಮ್ಮ ಆ ಕೈ ಹಿಡಿದುಕೊಳ್ಳಬಹುದಾ ಅಂತ ನರ್ಸನ್ನು ಕೇಳಿ.

ಆಮೇಲೆ ಡಾಕ್ಟರ್ ಎದುರು ಅಮ್ಮನನ್ನು ‘ಏನು ಮಾಡೋಣ?’ ಅಂತ ಕೇಳಬೇಡಿ. ಆ ಭಾರವನ್ನು ಅವರ ತಲೆಗೆ ಹಾಕಬಾರದು. ‘ಅಪ್ಪ ಈಗ ಎದ್ದು ಕೂತು ಇದನ್ನೆಲ್ಲ ನೋಡಿದ್ದರೆ ಏನು ಹೇಳುತ್ತಿದ್ದರು?’ ಅಂತ ಕೇಳಿ. ಅವರು ಮಾತು ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ, ಮುಖ್ಯವಾಗಿ ನೀವು. ‘ಅವರು ಮೊಮ್ಮಗಳ ಮದುವೆ ನೋಡಬೇಕು ಅಂತಿದ್ದರು, ಪ್ರಯತ್ನ ಮಾಡಿ’ ಅಂದರೆ ಅಣ್ಣ ಒಪ್ಪಬೇಕು. ‘ನಿಮ್ಮ ದೊಡ್ಡಪ್ಪನ ಹಾಗೆ ತನ್ನನ್ನು ಮಲಗಿಸಬೇಡ ಅಂದಿದ್ದರು’ ಅಂದರೆ ನೀವು ಒಪ್ಪಬೇಕು. ಅದನ್ನು ಒಳಗೆ ಹೋಗುವ ಮುಂಚೆಯೇ ಅಣ್ಣ-ತಂಗಿ ಮಾತಾಡಿಕೊಂಡಿರಿ.

ಬೆಳಿಗ್ಗೆ ಹೋದ ತಕ್ಷಣ ಸಿಸ್ಟರ್ ಹತ್ತಿರ, ‘ಡಾಕ್ಟರ್ ಜೊತೆ ಮಾತಾಡಲು ಅರ್ಧ ಗಂಟೆ ಬೇಕು, ನಮ್ಮ ಅಮ್ಮನೂ ಬಂದಿದ್ದಾರೆ, ಕೂರಲು ಒಂದು ಕುರ್ಚಿ ಕೊಡಿ’ ಅಂತ ಹೇಳಿ. ಮಾವನಿಗೆ ಫೋನ್ ಮಾಡುವುದು ಎಲ್ಲಾ ಮುಗಿದ ಮೇಲೆ.