ಬಿಳಿ ಟೊಮೆಟೊ ಹಾಲಿನಷ್ಟು ಬೆಳ್ಳಗೆ ಬರಲು ನೆರಳಿಗೆ ಶೇಡ್ ನೆಟ್ ಕಟ್ಟಬೇಕಾ?

ಕಟ್ಟಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಹಿತ್ತಲಲ್ಲಿ ಮೊದಲ ಸಲ ‘ಗ್ರೇಟ್ ವೈಟ್’ ಅನ್ನುವ ಬಿಳಿ ಟೊಮೆಟೊ ತಳಿ ಹಾಕಿದ್ದೀರಿ. ಕಾಯಿ ಹಳದಿಗೆ ತಿರುಗುವ ಮೊದಲೇ ಕೀಳಬೇಕಾ ಅಂತಲೂ ಕೇಳಿದ್ದೀರಿ. ಆ ಎರಡನೇ ಮಾತಿಗೇ ನಾನು ಉತ್ತರ ಬರೆಯಲು ಕೂತದ್ದು. ನಾನಿರುವುದು ಪಕ್ಕದ ನ್ಯೂಜೆರ್ಸಿಯಲ್ಲಿ, ಹಾಗೆ ಮೊದಲೇ ಕಿತ್ತು ಕೆಟ್ಟವನು ನಾನೂ.

ಮಾರ್ಚ್ ಕೊನೆಗೆ ಮನೆಯೊಳಗೆ ಬೀಜ ಹಾಕಿ, ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಭಯ ಕಳೆದ ಮೇಲೆ ಮೇ ತಿಂಗಳಲ್ಲಿ ಸಸಿಗಳನ್ನು ಹೊರಗೆ ನೆಟ್ಟೆ. ಗಿಡ ಆಳೆತ್ತರ ಬೆಳೆಯಿತು. ಈ ತಳಿ ಹಣ್ಣಾಗಲು ನೆಟ್ಟ ಮೇಲೆ ಸುಮಾರು 80ರಿಂದ 85 ದಿನ ಬೇಕು. ನಾನು ಅಷ್ಟು ಕಾಯಲಿಲ್ಲ. ಜುಲೈ ಮುಗಿಯುವ ಮೊದಲೇ ಕಾಯಿಗಳು ದಪ್ಪಗಾಗಿ ಬಿಳಿಚಿಕೊಂಡಿದ್ದವು. ಇನ್ನು ಬಿಟ್ಟರೆ ಹಳದಿಯಾಗುತ್ತವೆ ಅಂತ ಬುಟ್ಟಿ ತುಂಬ ಕಿತ್ತುಬಿಟ್ಟೆ.

ಹೆಚ್ಚಿದರೆ ಒಳಗೆ ಲೋಳೆಯೇ ಕೂಡಿರಲಿಲ್ಲ. ಚಾಕು ಬೀಜಗಳನ್ನೂ ಸೀಳಿಕೊಂಡು ಹೋಯಿತು. ಬಲಿತ ಕಾಯಾದರೆ ಬೀಜ ಲೋಳೆಯೊಳಗೆ ಜಾರಿಕೊಂಡು ಚಾಕುವಿಗೆ ಸಿಗುವುದಿಲ್ಲ. ಇವು ಬರೀ ಎಳೆಗಾಯಿ. ಕಟ್ಟೆಯ ಮೇಲಿಟ್ಟರೂ ಸುಕ್ಕಾದವೇ ಹೊರತು ರುಚಿ ಬರಲಿಲ್ಲ.

ಕೆಂಪು ಟೊಮೆಟೊ ದೋರೆಯಾದರೆ ಕೆಳತುದಿಯಲ್ಲಿ ಬಣ್ಣ ತೋರಿಸುತ್ತದೆ. ಆಗ ಕಿತ್ತರೂ ಒಳಗಿಟ್ಟಲ್ಲೇ ಹಣ್ಣಾಗುತ್ತದೆ. ಬಿಳಿ ತಳಿಯಲ್ಲಿ ಆ ಕೆಂಪು ಕೊಡುವ ಲೈಕೊಪೀನ್ ಇಲ್ಲವೆನ್ನುವಷ್ಟು ಕಡಿಮೆ. ಎಳೆಗಾಯಿಯೂ ಬಿಳುಪು, ಹಣ್ಣೂ ಬಿಳುಪು. ದೂರದಿಂದ ನೋಡಿ ತೀರ್ಮಾನ ಮಾಡಿದರೆ ಖಂಡಿತ ತಪ್ಪುತ್ತೀರಿ. ಬಿಳಿ ಟೊಮೆಟೊ ಸಪ್ಪೆ ಅಂತ ಹೇಳುವವರಲ್ಲಿ ಎಷ್ಟೋ ಜನ ಹೀಗೆ ಕಿತ್ತದ್ದನ್ನೇ ತಿಂದಿರುತ್ತಾರೆ ಅನ್ನುವುದು ನನ್ನ ನಂಬಿಕೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಕಾಯಿಗಳ ಬೀಜ ತೆಗೆದಿಟ್ಟಿದ್ದೆ. ಮರುವರ್ಷ ಮೊಳಕೆಯೇ ಬರಲಿಲ್ಲ, ಬಲಿಯದ ಬೀಜ ಎಲ್ಲಿಂದ ಬಂದೀತು? ಏರ್‌ಲೂಮ್ (ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದ) ತಳಿ ಹಾಕುವುದೇ ನಮ್ಮ ಬೀಜ ನಮ್ಮಲ್ಲೇ ಉಳಿಯಲಿ ಅಂತ ಅಲ್ವಾ? ಹೋದ ಹಣ್ಣಿಗಿಂತ ಅದೇ ಜಾಸ್ತಿ ಬೇಜಾರಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಹಾಲುಬಿಳುಪಿನ ಆಸೆ ಬಿಡಿ. ನೆರಳಲ್ಲಿ ಹೆಚ್ಚು ಬೆಳ್ಳಗಿರುತ್ತದೆ, ನಿಜ. ಆದರೆ ಹಣ್ಣಿಗೆ ಸಿಹಿ ಕಟ್ಟಿಕೊಡುವ ಎಲೆಗೆ ಬಿಸಿಲು ಬೇಕು. ಹಾಗಂತ ಕಾಯಿಗೆ ಬಿಸಿಲು ಬೀಳಲೆಂದು ಎಲೆ ಸವರಲೂ ಬೇಡಿ. ಬಿಸಿಲಿಗೆ ಸುಟ್ಟ ಕಲೆಯೂ ಬೆಳ್ಳಗೇ ಇರುತ್ತದೆ, ಈ ಹಣ್ಣಿನಲ್ಲಿ ಬೇಗ ಗೊತ್ತಾಗುವುದಿಲ್ಲ. ಗಿಡದ್ದೇ ಎಲೆಯ ನೆರಳು ಸಾಕು.

ತೊಟ್ಟಿನ ಸುತ್ತಲಿನ ಹಸಿರು ಪೂರ್ತಿ ಹೋಗಲಿ. ಕೆಳತುದಿಯಲ್ಲಿ ತೆಳು ಹಳದಿ ಮೂಡಿ, ಹಣ್ಣು ಬೆಣ್ಣೆಯ ಬಣ್ಣಕ್ಕೆ ಬರಲಿ. ಹೆಬ್ಬೆರಳಿಗೆ ಸ್ವಲ್ಪ ಮೆತ್ತಗೆ ಸಿಕ್ಕರೆ ಕೀಳಿ. ಬೀಜಕ್ಕೆ ಅಂತ ಒಳ್ಳೆಯ ಗಿಡದ ಒಂದು ಹಣ್ಣನ್ನು ಇನ್ನೂ ಮೆತ್ತಗಾಗುವವರೆಗೆ ಗಿಡದಲ್ಲೇ ಬಿಡಿ. ಲೋಳೆ ಸಮೇತ ಬೀಜವನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ.

ಮತ್ತೆ, ದಯವಿಟ್ಟು ಇದನ್ನು ಸಾರಿಗೆ ಹಾಕಬೇಡಿ. ಹುಳಿಯೂ ಸಾಲದು, ಬಣ್ಣವೂ ಇಲ್ಲ. ಸಾರಿಗೆ ಪಕ್ಕದಲ್ಲಿ ರೋಮಾ ಅನ್ನುವ ಕೆಂಪು ಟೊಮೆಟೊ ತಳಿಯ ಒಂದು ಗಿಡ ಇರಲಿ. ಇದನ್ನು ದಪ್ಪ ಹೋಳು ಮಾಡಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಹಾಗೇ ತಿನ್ನಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ.