60 ವೋಲ್ಟಿನ ಮಾಸ್ಫೆಟ್ ಸಾಲದು

ತೀರ್ಥಹಳ್ಳಿಯವರೇ, ವಿಕಿರಣ ಅಳೆಯುವ ಗೈಗರ್ ಟ್ಯೂಬಿಗೆ 12ರಿಂದ 400 ವೋಲ್ಟ್ ಮಾಡಲು 1:10 ಸುತ್ತಿನ ರೆಡಿಮೇಡ್ ಕಪಲ್ಡ್ ಇಂಡಕ್ಟರ್ (ಒಂದೇ ಕೋರಿನ ಮೇಲೆ ಎರಡು ವೈಂಡಿಂಗ್) ಹಾಕಿದೆ, ಅದಕ್ಕೆ ಸ್ವಿಚ್ಚಾಗಿ ಹಾಕಿದ 60 ವೋಲ್ಟಿನ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಎರಡು ಸಲ ಸುಟ್ಟಿತು ಅಂದಿರಲ್ಲ. ಸುಡದೆ ಏನು ಮಾಡೀತು! ಔಟ್‌ಪುಟ್ಟಿನ 400 ಪ್ರೈಮರಿಯಲ್ಲಿ (ಮಾಸ್ಫೆಟ್ ಕಡೆಯ ವೈಂಡಿಂಗಲ್ಲಿ) ಹತ್ತರಲ್ಲೊಂದು ಪಾಲು, 40 ಆಗಿ ಕಾಣುತ್ತೆ, ಸಪ್ಲೈಯ 12 ಸೇರಿ 52. ಅದರ ಮೇಲೆ ಲೀಕೇಜ್ ಇಂಡಕ್ಟೆನ್ಸಿನ (ಎರಡು ವೈಂಡಿಂಗ್ ಪೂರ್ತಿ ಬೆಸೆಯದೆ ಉಳಿದದ್ದು) ಸ್ಪೈಕ್ ಬೇರೆ. 150 ವೋಲ್ಟಿನದು ಹಾಕಿ, ಜೊತೆಗೆ ಆ ಸ್ಪೈಕ್ ತಗ್ಗಿಸೋಕೆ ಒಂದು ಸ್ನಬ್ಬರ್. ಔಟ್‌ಪುಟ್ ಡಯೋಡಿಗೆ ಉಲ್ಟಾ 520 ಬೀಳುತ್ತೆ (400ಕ್ಕೆ 12ರ ಹತ್ತು ಪಟ್ಟು ಸೇರಿ); 1ಎನ್4007 ಡಯೋಡ್ ಆಫ್ ಆಗೋದು ನಿಧಾನ, ವೇಗದ ಯುಎಫ್4007 ಆದೀತು. ಎರಡು ವೈಂಡಿಂಗ್ ನಡುವಿನ ಇನ್ಸುಲೇಷನ್ ಎಷ್ಟಕ್ಕೆ ಅಂತ ಡೇಟಾಶೀಟಲ್ಲಿ ನೋಡಿದ್ರಾ?

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಫೀಡ್‌ಬ್ಯಾಕಿಗೆ (ಔಟ್‌ಪುಟ್ ವೋಲ್ಟೇಜು ನೋಡಿ ಸರಿಪಡಿಸುವ ಭಾಗಕ್ಕೆ) 10 ಮೆಗಾಓಮ್ ರೆಸಿಸ್ಟರ್ ಹಾಕಿದ್ದೆ. ಬೇಸಿಗೆಯಲ್ಲಿ ಅಲ್ಲಾಡದ ವೋಲ್ಟೇಜು ಆಷಾಢದ ಮಳೆಗೆ ಏರುಪೇರು. ಬೆಸುಗೆ ಹಾಕಿದಾಗ ಬೋರ್ಡಿನ ಮೇಲೆ ಉಳಿದ ಫ್ಲಕ್ಸಿಗೆ ಥಂಡಿ ಹಿಡಿದು ಕರೆಂಟ್ ಸೋರ್ತಿತ್ತು. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದು, ಒಣಗಿಸಿ, ವಾರ್ನಿಷ್ ಬಳಿದ ಮೇಲೆ ಸರಿಹೋಯ್ತು. ಕೆಪಾಸಿಟರ್ ಮುಟ್ಟುವ ಮುಂಚೆ ಡಿಸ್ಚಾರ್ಜ್ ಮಾಡಿ ಮಾರಾಯ್ರೆ.